ಸೋಮವಾರ ಹಿತ್ತಲಿಗೆ ಬಂದ ಟ್ರ್ಯಾಕ್ಟರ್

ನಮ್ಮ ಹಿತ್ತಲಿನ ಗೋಡೆಯಲ್ಲಿ ಒಂದು ಕಡೆ, ಗಾಡಿ ಹಾಯುವಷ್ಟು ಅಗಲಕ್ಕೆ, ಕಲ್ಲುಗಳನ್ನು ಮಣ್ಣು ಮೆತ್ತದೆ ಬರೀ ಒಟ್ಟಿದ್ದೇವೆ. ನೋಡಿದವರು ಮಳೆಗೆ ಗೋಡೆ ಬಿದ್ದಿತ್ತೇನು ಎಂದು ಕೇಳುತ್ತಾರೆ. ಬಿದ್ದದ್ದಲ್ಲ, ನಾವೇ ತೆಗೆದದ್ದು. ಮನೆಯ ಹಳೆಯ ಟ್ರ್ಯಾಕ್ಟರ್ ಒಳಗೆ ಬರಲೆಂದು ಕಳೆದ ವರ್ಷ ತೆಗೆದೆವು. ಆಗ ನಮ್ಮ ಅತ್ತೆ ತೀರಿಕೊಂಡು ಹತ್ತು ತಿಂಗಳಾಗಿತ್ತು. ಕೇಳಿದವರಿಗೆ ಅಷ್ಟೆಲ್ಲ ಹೇಳುವುದಿಲ್ಲ. ಹೂಂ, ಮಳೆಗೆ ಬಿತ್ತು ಎಂದುಬಿಡುತ್ತೇನೆ.

ನನ್ನ ತವರು ಹುಕ್ಕೇರಿಯ ಕಡೆ. ಹತ್ತನೆಯ ಇಯತ್ತೆ ಮುಗಿಸಿ ಎರಡು ವರ್ಷ ಮನೆಯಲ್ಲಿದ್ದು, ಮದುವೆಯಾಗಿ ಮೂಡಲಗಿ ಸೀಮೆಯ ಈ ಊರಿಗೆ ಬಂದೆ. ಬಂದ ಹೊಸದರಲ್ಲಿ ಅಡಿಗೆಮನೆ ಅತ್ತೆಯದಾಗಿತ್ತು, ನನಗೆ ಅಲ್ಲಿ ಹೆಚ್ಚು ಕೆಲಸವಿರಲಿಲ್ಲ. ಅವರು ನನ್ನನ್ನು ಮೊದಲು ಕರೆದುಕೊಂಡು ಹೋದದ್ದು ಹಿತ್ತಲಿಗೆ. ಬಚ್ಚಲ ನೀರು ಹರಿದು ಹೋಗುವ ಕಾಲುವೆಯ ಎರಡೂ ಬದಿಗೆ ಸಣ್ಣ ಸಣ್ಣ ಮಡಿಗಳು. ಪುಂಡಿಪಲ್ಯ, ರಾಜಗಿರಿ, ಮೆಂತೆ, ಕೊತ್ತಂಬರಿ, ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹಕ್ಕರಿಕೆ. ಗೋಡೆಯ ಮೇಲೆ ಹೀರೇಬಳ್ಳಿ, ಮೂಲೆಯಲ್ಲಿ ಬದನೆ, ನಡುವೆ ನಾಲ್ಕು ಮೆಣಸಿನ ಗಿಡ. ಪೇಟೆಯಿಂದ ಪಲ್ಯ ತರುವುದು ಈ ಮನೆಗೆ ಗೊತ್ತೇ ಇರಲಿಲ್ಲ.

ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಕಾಲಿಗೆ ಹತ್ತಿಕೊಂಡು ಚಪ್ಪಲಿ ಕಿತ್ತುಕೊಳ್ಳುತ್ತದೆ. ಈ ಎರಡರ ನಡುವೆ ಕೆಲವು ದಿನ ಮಾತ್ರ ಅದು ಮನುಷ್ಯರ ಮಾತು ಕೇಳುತ್ತದೆ. ಅದಕ್ಕೆ ಹದ ಎನ್ನುತ್ತಾರೆ. ಅತ್ತೆ ಒಂದು ಹಿಡಿ ಮಣ್ಣು ತೆಗೆದು ಹಿಸುಕಿ ಕೆಳಗೆ ಬಿಡುತ್ತಿದ್ದರು. ಪುಡಿಯಾದರೆ ಹದ, ಹಿಟ್ಟಿನ ಉಂಡೆಯ ಹಾಗೆ ಉಳಿದರೆ ಇನ್ನೂ ಕಾಯಬೇಕು. ಹದವಾದ ದಿನದಿಂದ ಗುದ್ದಲಿ ಹಿಡಿದು ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ಅಗೆಯುತ್ತಿದ್ದರು. ಹಿತ್ತಲು ಪೂರ್ತಿ ಅಗೆದು ಮುಗಿಯುವಷ್ಟರಲ್ಲಿ ಮೊದಲು ಅಗೆದ ಕಡೆ ಮತ್ತೆ ಗಟ್ಟಿಯಾಗುತ್ತಿತ್ತು. ನಾನು ಗುದ್ದಲಿ ಕೇಳಿದರೆ ಕೊಡುತ್ತಿದ್ದರು, ಆದರೆ ಸ್ವಲ್ಪ ಹೊತ್ತಿಗೇ ತಿರುಗಿ ಇಸಿದುಕೊಳ್ಳುತ್ತಿದ್ದರು. ಹೆಂಟೆ ದೊಡ್ಡದು ಬಿಡುತ್ತೇನೆ ಎಂಬುದು ನನ್ನ ಮೇಲಿನ ದೂರು.

ಅತ್ತೆ ಹೀಗೆ ಅಗೆಯುತ್ತಿದ್ದಾಗ ಮನೆಯ ಮುಂದೆ ಟ್ರ್ಯಾಕ್ಟರ್ ನಿಂತಿರುತ್ತಿತ್ತು.

ಹಿಡಕಲ್ ಅಣೆಕಟ್ಟಿನ ನೀರು ಕಾಲುವೆಗೆ ಬಂದು ಊರಲ್ಲೆಲ್ಲ ಕಬ್ಬು ಹಚ್ಚತೊಡಗಿದ ಮೇಲೆ ಮಾವ ಅದನ್ನು ತಂದಿದ್ದರಂತೆ. ನಾನು ಈ ಮನೆಗೆ ಬರುವ ಹೊತ್ತಿಗೇ ಅದರ ಕೆಂಪು ಬಣ್ಣ ಇಟ್ಟಂಗಿಯ ಬಣ್ಣಕ್ಕೆ ತಿರುಗಿತ್ತು. ಗುಂಡಿ ಒತ್ತಿದರೆ ಚಾಲೂ ಆಗುವುದು ಎಂದೋ ನಿಂತುಹೋಗಿತ್ತು. ಅದಕ್ಕೇ ಮಾವ ಮನೆಯ ಮುಂದಿನ ಇಳಿಜಾರಿನಲ್ಲಿ, ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸುತ್ತಿದ್ದರು. ಬೆಳಿಗ್ಗೆ ಕಲ್ಲು ತೆಗೆದು ಉರುಳಿಬಿಟ್ಟರೆ ಬಾವಿಕಟ್ಟೆ ತಲುಪುವಷ್ಟರಲ್ಲಿ ಗುರ್ ಎಂದು ಎದ್ದುಕೊಳ್ಳುತ್ತಿತ್ತು. ಆ ಸದ್ದಿಗೆ ಓಣಿಯ ಮಕ್ಕಳು ಎದ್ದು ಕೂರುತ್ತಿದ್ದವು.

ಇದಕ್ಕೂ ಮೊದಲು ಮನೆಯಲ್ಲಿ ಎತ್ತುಗಳಿದ್ದವು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೂ ಮಾವ ಆ ನೇಮ ಬಿಡಲಿಲ್ಲ. ಸೋಮವಾರ ಅದನ್ನು ತೊಳೆದು, ಮುಂಭಾಗಕ್ಕೆ ವಿಭೂತಿ ಹಚ್ಚಿ, ನೆರಳಿಗೆ ಬಿಡುತ್ತಿದ್ದರು. ಮನೆಯ ಕಟ್ಟೆಯ ಮೇಲೆ ಕೂತು ಅದನ್ನು ನೋಡುತ್ತ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಪಕ್ಕದ ಮನೆಯಲ್ಲಿ ಜೈನರ ಹೆಂಗಸೊಬ್ಬರಿದ್ದಾರೆ, ನಾವು ಕಾಕು ಎನ್ನುತ್ತೇವೆ, ಅತ್ತೆಯ ಓರಗೆಯವರು, ಮಾತಿಗೆ ಬಿಡುವವರಲ್ಲ. ಅವರು ಗೋಡೆಯ ಆಚೆಯಿಂದ ಕೂಗುತ್ತಿದ್ದರು.

“ಅಣ್ಣಾರ, ನಿಮ್ಮ ಎತ್ತ ಇವತ್ತ ಡೀಜಲ್ ಕುಡಿಯಂಗಿಲ್ಲೇನ್ರಿ?”

“ಒಪ್ಪತ್ತ ಐತಿ ಅದರದು,” ಎನ್ನುತ್ತಿದ್ದರು ಮಾವ, ನಗದೆ.

ಒಂದು ವರ್ಷ ಮುಂಗಾರಿನ ಮಿರಗದ ಮಳೆಗೆ ಅತ್ತೆಯ ಬಲಭುಜ ಹಿಡಿದುಕೊಂಡಿತು. ಕೈ ತಲೆಯವರೆಗೆ ಏಳುತ್ತಿರಲಿಲ್ಲ, ಹೆರಳು ನಾನೇ ಹಾಕುತ್ತಿದ್ದೆ. ಆಗ ಅವರು ಮಾವನಿಗೆ ಕೇಳಿದರು. ಮಾವನೂ ನಮ್ಮ ಮನೆಯವರೂ ಉಣ್ಣುತ್ತಿದ್ದರು, ನಾನು ರೊಟ್ಟಿ ತಟ್ಟುತ್ತಿದ್ದೆ. ಹಿತ್ತಲಲ್ಲಿ ಒಂದು ಸಲ ಟ್ರ್ಯಾಕ್ಟರ್ ಹೊಡೆದುಕೊಡಿರಿ, ಹೆಂಟೆ ಒಡೆದರೆ ಸಾಕು, ಉಳಿದದ್ದು ನಾವಿಬ್ಬರು ಮಾಡಿಕೊಳ್ಳುತ್ತೇವೆ ಎಂದರು. ಮಾವ ಸಿಟ್ಟಾಗಲಿಲ್ಲ. ಅವರು ಅತ್ತೆಯ ಮೇಲೆ ಸಿಟ್ಟಾದದ್ದನ್ನು ನಾನು ನೋಡೇ ಇಲ್ಲ. ಹೊಲಕ್ಕೆ ಹದ ಬಂದಿದೆ, ಬಾಡಿಗೆಗೆ ಕರೆದವರ ಹೊಲಕ್ಕೂ ಬಂದಿದೆ, ಎಲ್ಲರಿಗೂ ಒಮ್ಮೆಗೇ ಬೇಕು ಎಂದು ತಿಳಿಸಿ ಹೇಳಿದರು. ಅದು ಸುಳ್ಳೂ ಅಲ್ಲ. ಹಿತ್ತಲಿಗೆ ಬೇರೆ ಮಳೆ, ಹೊಲಕ್ಕೆ ಬೇರೆ ಮಳೆ ಬೀಳುವುದಿಲ್ಲವಲ್ಲ. ಹಿತ್ತಲು ಹದವಾದ ದಿನವೇ ಊರಿನ ಹೊಲವೆಲ್ಲ ಹದವಾಗುತ್ತಿತ್ತು.

ಸೋಮವಾರ ಖಾಲಿ ನಿಂತಿರುತ್ತದಲ್ಲ ಎಂದರು ಅತ್ತೆ.

“ಸೋಮವಾರ ಅದನ್ನ ಮುಟ್ಟಂಗಿಲ್ಲ. ನಿನಗ ಗೊತ್ತಿಲ್ಲದ್ದೇನು?”

“ಗೊತ್ತೈತ್ರಿ. ಟ್ರ್ಯಾಕ್ಟರಿಗೆ ಸೋಮವಾರ ಸೂಟಿ. ನನ್ನ ಸೂಟಿ ಯಾವ ವಾರ ಅಂತ ಹೇಳ್ರಿ.”

ಮಾವ ನಕ್ಕರು. ನಮ್ಮ ಮನೆಯವರೂ ನಕ್ಕರು. ಅತ್ತೆ ಹೇಳುವಾಗಲೇ ನಗುತ್ತಿದ್ದರು. ನನಗೂ ನಗು ಬಂತು. ಮಾವನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಗುಡಿಯ ಕಟ್ಟೆಯ ಮೇಲೆ, ನೆಂಟರ ಮದುವೆಯಲ್ಲಿ, ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದರು. ನಮ್ಮವಳು ಏನಂದಳು ಗೊತ್ತೇನು ಎಂದು ಶುರು ಮಾಡಿ, ಅತ್ತೆಯ ದನಿಯಲ್ಲೇ ಹೇಳಿ ಮುಗಿಸುತ್ತಿದ್ದರು. ಅದರಲ್ಲಿ ಹೆಮ್ಮೆಯೇ ಇತ್ತು. ಅತ್ತೆ ಮತ್ತೆಂದೂ ಟ್ರ್ಯಾಕ್ಟರ್ ಕೇಳಲಿಲ್ಲ. ಭುಜದ ನೋವು ಕಡಿಮೆಯಾಯಿತು. ಗುದ್ದಲಿಯ ಕಾವನ್ನು ಸ್ವಲ್ಪ ಮೊಟಕು ಮಾಡಿಸಿಕೊಂಡರು.

ಅದಾಗಿ ಕೆಲವು ವರ್ಷಕ್ಕೆ, ಶ್ರಾವಣದಲ್ಲಿ ಒಂದು ಬೆಳಿಗ್ಗೆ ಅತ್ತೆ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತರು. ಗೋಕಾಕಕ್ಕೆ ಕರೆದುಕೊಂಡು ಹೋದೆವು. ಮಾರನೆಯ ದಿನ ಮಧ್ಯಾಹ್ನ ತೀರಿಕೊಂಡರು. ನಮ್ಮಲ್ಲಿ ಕೂರಿಸಿ ಹೂಳುವ ಪದ್ಧತಿ. ಹೊಲದ ಮೂಲೆಯಲ್ಲಿ ಮಾವನ ತಂದೆ ತಾಯಿಯ ಪಕ್ಕದಲ್ಲಿ ಕೂರಿಸಿ ಬಂದೆವು. ಮಠದ ಅಯ್ಯನವರು, ನಮಗೆ ಸೂತಕವಿಲ್ಲ, ದುಃಖವಿದ್ದರೂ ಕೆಲಸ ನಿಲ್ಲಿಸಬಾರದು ಎಂದು ಹೇಳಿದರು. ಮನೆಗೆ ಬಂದವರಿಗೆ ಅಡಿಗೆ ಆಗಬೇಕಿತ್ತು. ನಾನು ಹಿತ್ತಲಿಗೆ ಹೋಗಿ ಅವರು ಆ ಮಿರಗದಲ್ಲಿ ಅಗೆದು ಹಾಕಿದ್ದ ಪುಂಡಿಪಲ್ಯವನ್ನೇ ಕೊಯ್ದು ತಂದೆ. ಒಂದು ವಾರ ಅದನ್ನೇ ಉಂಡೆವು. ಮಾವ ಆ ಪಲ್ಯವನ್ನು ಉಣ್ಣುವಾಗ ತಟ್ಟೆಯಿಂದ ಮುಖ ಎತ್ತುತ್ತಿರಲಿಲ್ಲ.

ಆಮೇಲೆ ಹಿತ್ತಲು ಹಾಗೇ ಬಿತ್ತು. ನಾನು ಎರಡು ಮಡಿ ಮಾತ್ರ ನೋಡಿಕೊಂಡೆ. ಹೊಲದ ಕೆಲಸಕ್ಕೆ ಈಗ ಊರಿನ ದೊಡ್ಡ ಟ್ರ್ಯಾಕ್ಟರುಗಳು ಬರುತ್ತವೆ. ನಮ್ಮದು ಇಳಿಜಾರಿನಲ್ಲೇ ನಿಂತಿರುತ್ತಿತ್ತು. ವಾರದ ಎಲ್ಲ ದಿನವೂ ಅದಕ್ಕೆ ಬಿಡುವೇ. ಮಾವ ಅದರ ಬಗ್ಗೆ ಮಾತೇ ಬಿಟ್ಟರು. ಕಟ್ಟೆಯ ಮೇಲೆ ಹೇಳುತ್ತಿದ್ದ ಆ ಮಾತನ್ನೂ ಬಿಟ್ಟರು. ಒಮ್ಮೆ ಯಾರೋ ನೆಂಟರು, ಅತ್ತೆ ಸೂಟಿ ಕೇಳಿದ್ದರಲ್ಲ, ಅದನ್ನು ಹೇಳಿರಿ ಎಂದು ಕೇಳಿದರು. ಮಾವ ಎದ್ದು ಹೊರಗೆ ಹೋದರು. ಆಗ ನನಗೆ ತಿಳಿಯಿತು, ಆ ಮಾತು ಅವರಿಗೆ ಈಗ ಬೇರೆ ರೀತಿ ಕೇಳಿಸುತ್ತಿದೆ ಎಂದು.

ಮುಂದಿನ ಬೇಸಿಗೆ ಕಳೆಯುವ ಹೊತ್ತಿಗೆ ಅವರು ಮಗನಿಗೆ ಒಂದು ಮಾತು ಹೇಳಿದರು. ಶ್ರಾವಣದಲ್ಲಿ ಅತ್ತೆಯ ವರ್ಷದ ದಿನ ಬರುತ್ತದೆ. ಅಂದು ಅಯ್ಯನವರ ಎಲೆಗೂ ಬಳಗದವರ ಎಲೆಗೂ ಬೀಳುವ ಪಲ್ಯ ಅತ್ತೆಯ ಹಿತ್ತಲಿನದೇ ಆಗಬೇಕು, ಅವರು ಇಟ್ಟ ಬೀಜದ್ದೇ ಆಗಬೇಕು. ಹಿತ್ತಲನ್ನು ಟ್ರ್ಯಾಕ್ಟರಿನಿಂದ ತಾನೇ ಹೊಡೆದುಕೊಡುತ್ತೇನೆ. ಇಷ್ಟೇ ಹೇಳಿದ್ದು. ನನಗೆ ನಮ್ಮ ಮನೆಯವರ ಬಾಯಿಂದ ತಿಳಿಯಿತು. ಮಾವ ಮತ್ತು ನಾನು ನೇರವಾಗಿ ಮಾತಾಡಿಕೊಳ್ಳುವುದು ಕಡಿಮೆ. ಊಟ ಆಯಿತೇನ್ರಿ, ನೀರು ಇಡಲೇನ್ರಿ, ಇಷ್ಟರಲ್ಲೇ ನಮ್ಮ ಮಾತು. ಉಳಿದದ್ದೆಲ್ಲ ಮೊದಲು ಅತ್ತೆಯ ಮೂಲಕ, ಈಗ ಇವರ ಮೂಲಕ ಹೋಗಿಬರುತ್ತಿತ್ತು.

ಮಿರಗದ ಮಳೆ ಆ ವರ್ಷ ಚೆನ್ನಾಗಿ ಬಂತು. ಶುಕ್ರವಾರ ಸಂಜೆ ಹಿಡಿದದ್ದು ಶನಿವಾರ ಪೂರ್ತಿ ಸುರಿಯಿತು. ರವಿವಾರ ಬಿಸಿಲು ಬಿತ್ತು. ಸೋಮವಾರ ಬೆಳಿಗ್ಗೆ ಮಾವ ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಹಸಿ ಇರುವಾಗಲೇ ಹೊರಗೆ ಬಂದು, ಹಿತ್ತಲ ಗೋಡೆಯ ಕಲ್ಲು ತೆಗೆಯಲು ಮಗನಿಗೆ ಹೇಳಿದರು. ಇವರು ಮಾವನ ಮುಖ ನೋಡಿದರು, ವಾರ ಯಾವುದೆಂದು ಹೇಳಲಿಲ್ಲ. ನಾನೂ ಹೇಳಲಿಲ್ಲ. ಗೋಡೆ ಬಿಚ್ಚುವ ಸದ್ದಿಗೆ ಕಾಕು ಆ ಕಡೆಯಿಂದ ತಲೆ ಹಾಕಿದರು. ಏನೋ ಹೇಳಲು ಬಾಯಿ ತೆರೆದವರು, ಟ್ರ್ಯಾಕ್ಟರ್ ಇಳಿಜಾರಿನಲ್ಲಿ ಉರುಳಿ ಗುರ್ ಎಂದದ್ದು ಕೇಳಿ ಗೋಡೆಗೆ ಕೈ ಊರಿ ನಿಂತರು.

ನಾನು ಮಣ್ಣು ಹಿಸುಕಿ ನೋಡಿದೆ. ಮೇಲೆ ಬೆರಳಿನಷ್ಟು ಒಣಗಿತ್ತು, ಕೆಳಗೆ ಹಿಟ್ಟಿನ ಹಾಗೆ ಹಸಿ. ನೆಲಕ್ಕೆ ಬಿಟ್ಟ ಉಂಡೆ ಬಿಟ್ಟ ಹಾಗೇ ಕೂತಿತ್ತು. ಇನ್ನೆರಡು ದಿನವಾದರೂ ಬೇಕಿತ್ತು. ಕಲ್ಲು ಒಟ್ಟುತ್ತಿದ್ದ ಇವರ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ.

“ನನಗೂ ಗೊತ್ತೈತಿ. ಅಪ್ಪಗ ಗೊತ್ತಿಲ್ಲೇನು? ಜೀವಮಾನೆಲ್ಲಾ ಅದನ್ನ ಮಾಡ್ಯಾನ,” ಎಂದರು ಇವರು. “ಅಂವಗ ಇವತ್ತ ಆಗಬೇಕು. ನಾಳಿ ಮಾಡಿದ್ರ ಬರೇ ಹಿತ್ತಲಾ ಹೊಡದಂಗ ಆಕ್ಕೈತಿ. ಹೋಗಲಿ ಬಿಡು.”

ನಾನು ಬಿಟ್ಟೆ. ಸೋಮವಾರ ಆಗದು ಎಂದವರು ಸೋಮವಾರವೇ ಕೊಡಲು ಬಂದಿದ್ದರು. ಅವರಿಗೆ ಮಣ್ಣಿನ ಹದಕ್ಕಿಂತ ವಾರ ದೊಡ್ಡದಾಗಿತ್ತು. ಅದು ತಪ್ಪು ಎಂದು ಆ ಹಿತ್ತಲಲ್ಲಿ ನಿಂತಿದ್ದ ಎಲ್ಲರಿಗೂ ಗೊತ್ತಿತ್ತು, ಟ್ರ್ಯಾಕ್ಟರಿನ ಮೇಲೆ ಕೂತವರಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು.

ಒಲೆಯ ಮೇಲೆ ಚಹಾಕ್ಕೆ ಇಟ್ಟು ಬಂದಿದ್ದೆ. ಮಾವ ಕಲ್ಟಿವೇಟರಿನ ಹಲ್ಲು ಇಳಿಸಿ ಒಂದು ಸಾಲು ಹೋದರು, ತಿರುಗಿಸಿಕೊಂಡು ಇನ್ನೊಂದು ಸಾಲು ಬಂದರು. ಕರಿಬೇವಿನ ಕೊಂಬೆ ಅವರ ತಲೆಯ ಪಟಗಕ್ಕೆ ಸಿಕ್ಕಿ ಮುರಿಯಿತು. ಮತ್ತೊಂದು ಸಾಲು. ನಾನು ಒಳಗೆ ಹೋಗಿ ಚಹಾ ಸೋಸಿ ತಂದೆ. ಅಷ್ಟರಲ್ಲಿ ಮುಗಿದಿತ್ತು.

ಅವರು ಟ್ರ್ಯಾಕ್ಟರನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ ಹಿಂದೆ ನೋಡಿದರು. ಹಿತ್ತಲು ಅಡ್ಡಗೋಡೆಯಿಂದ ಅಡ್ಡಗೋಡೆಯವರೆಗೆ ಕಪ್ಪಗೆ ತಿರುವಿಬಿದ್ದಿತ್ತು. ಇಂಜಿನ್ ನಡೆಯುತ್ತಲೇ ಇತ್ತು. ಹಿತ್ತಲಲ್ಲಿ ಇಳಿಜಾರಿಲ್ಲ, ಬಂದ್ ಮಾಡಿದರೆ ಮತ್ತೆ ಚಾಲೂ ಆಗುವುದಿಲ್ಲ. ಆ ಸದ್ದಿನ ನಡುವೆ ಅವರು ಯಾರಿಗೂ ಅಲ್ಲದಂತೆ ಕೇಳಿದರು.

“ಇಷ್ಟಽ ಏನು?”

ನಾನು ಚಹಾದ ಕಪ್ಪು ಹಿಡಿದು ನಿಂತಿದ್ದೆ. ಇವರು ಕೆಳಗೆ ನೋಡುತ್ತಿದ್ದರು. ಅತ್ತೆ ಎಷ್ಟೋ ಬೆಳಿಗ್ಗೆ ಎಷ್ಟೋ ಸಂಜೆ ಬಗ್ಗಿ ಮಾಡುತ್ತಿದ್ದ ಕೆಲಸ ಅದು.

ಮಾವ ಚಹಾ ಕುಡಿಯಲಿಲ್ಲ. ಮತ್ತೆ ಹಲ್ಲು ಇಳಿಸಿ ಅಡ್ಡ ಹೊಡೆಯಲು ಹೋದರು. ಅಡ್ಡ ಮುಗಿದ ಮೇಲೆ ಮತ್ತೆ ಉದ್ದ. ಸಣ್ಣ ಜಾಗ. ಪ್ರತಿ ಸಲ ತಿರುಗಿಸುವಾಗ ದೊಡ್ಡ ಗಾಲಿಗಳು ಹಸಿ ಮಣ್ಣನ್ನು ತುಳಿದು ಹೊಳಪು ಬರುವಂತೆ ಒತ್ತುತ್ತಿದ್ದವು. ಒಮ್ಮೆಗೆ ಮುಗಿದುಬಿಟ್ಟದ್ದನ್ನು ಅವರಿಗೆ ತಾಳಿಕೊಳ್ಳಲಾಗಲಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಅದು ದೊಡ್ಡ ಕೆಲಸವಾಗಿರಬೇಕಿತ್ತು. ಕೊನೆಗೆ ಕಾಕು ಗೋಡೆಯ ಮೇಲಿಂದಲೇ ಹೇಳಿದರು.

“ಅಣ್ಣಾರ, ಸಾಕ್ರಿ. ಇಳೀರಿ. ಆಕೀಗ ಮುಟ್ಟೇತಿ.”

ಮಾವ ಇಳಿಯಲಿಲ್ಲ. ಆದರೆ ಗೋಡೆಯ ಬಾಯಿಂದ ಟ್ರ್ಯಾಕ್ಟರನ್ನು ಹೊರಗೆ ತೆಗೆದುಕೊಂಡು ಹೋದರು.

ಬಿತ್ತುವುದು ನನ್ನ ಕೆಲಸ. ಬೂದಿಯಲ್ಲಿ ಕಲಸಿ ಸಣ್ಣ ಮಡಕೆಗಳಲ್ಲಿಟ್ಟ ಅತ್ತೆಯ ಬೀಜ ಹೊರಗೆ ತಂದೆ. ಎಲ್ಲವನ್ನೂ ಹಾಕಲು ಮಾವ ಹೇಳಿಕಳಿಸಿದ್ದರು. ಬೀಜ ಹಾಕುವಾಗ ಒಂದು ಹಿಡಿಯನ್ನು ಮಡಕೆಯಲ್ಲೇ ಬಿಡುವುದು ಅತ್ತೆಯ ರೂಢಿ. ಅಂದು ನಾನು ಬಿಡಲಿಲ್ಲ. ಬಿಟ್ಟರೆ ಮಾವನ ಕೆಲಸದ ಮೇಲೆ ನನಗೆ ನಂಬಿಕೆ ಇಲ್ಲವೆಂದಾಗುತ್ತದೆ ಅನ್ನಿಸಿತು. ನಂಬಿಕೆ ಇರಲೂ ಇಲ್ಲ.

ಆ ವಾರ ಮಳೆ ಬರಲಿಲ್ಲ, ಬಿಸಿಲೇ ಬಿತ್ತು. ಹಿತ್ತಲು ಮೊದಲು ಬೂದುಬಣ್ಣಕ್ಕೆ ತಿರುಗಿತು, ಆಮೇಲೆ ಇಟ್ಟಂಗಿಯ ಹಾಗೆ ಕಟ್ಟಿಕೊಂಡಿತು. ಗಾಲಿಯ ಗುರುತುಗಳು ಹಚ್ಚೆ ಹೊಯ್ದ ಹಾಗೆ ಉಳಿದವು. ಅಲ್ಲೊಂದು ಇಲ್ಲೊಂದು ರಾಜಗಿರಿ ಎದ್ದು, ಸಂದಿನಲ್ಲಿ ಕತ್ತು ಸಿಕ್ಕಿಸಿಕೊಂಡು, ಹಳದಿಯಾಗಿ ಬಿದ್ದಿತು. ಮಾವ ದಿನಾ ಕೊಡದಲ್ಲಿ ನೀರು ತಂದು ಹಾಕುತ್ತಿದ್ದರು. ನೀರು ಮೇಲೇ ನಿಂತು ಬಿಸಿಲಿಗೆ ಆರುತ್ತಿತ್ತು. ಮುಂದೆ ಮಳೆ ಬಂದಾಗ ಬೀಜ ಒಳಗೇ ಕೊಳೆತವು. ಒಂದು ದಿನ ಅವರು ನೀರು ಹಾಕಲು ಹೋಗಲಿಲ್ಲ. ಕೊಡ ಬಚ್ಚಲ ಕಟ್ಟೆಯ ಮೇಲೆ ತುಂಬಿದ್ದು ತುಂಬಿದ ಹಾಗೇ ಇತ್ತು.

ವರ್ಷದ ದಿನಕ್ಕೆ ಪುಂಡಿಪಲ್ಯ, ಮೆಂತೆ ಎಲ್ಲ ಇವರು ಗೋಕಾಕದಿಂದ ತಂದರು. ಅಯ್ಯನವರು ಬಂದರು, ಬಳಗದವರು ಬಂದರು, ಹುಕ್ಕೇರಿಯಿಂದ ನನ್ನ ತಾಯಿಯೂ ಬಂದಳು. ಪಂಕ್ತಿಯಲ್ಲಿ ಕೂತ ಹಿರಿಯರೊಬ್ಬರು ಪುಂಡಿಪಲ್ಯ ಬಾಯಿಗೆ ಹಾಕಿಕೊಂಡು, ಇದೇ ರುಚಿ, ಆಕೆಯ ಹಿತ್ತಲಿನದಲ್ಲವೇ ಎಂದು ಕೇಳಿದರು. ನಾನು ಬಡಿಸುತ್ತಿದ್ದೆ. ಹೂಂ ಎಂದುಬಿಟ್ಟಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ.

“ಅಲ್ರಿ,” ಎಂದರು ಮಾವ. “ಪ್ಯಾಟಿದು. ಆಕೀ ಹಿತ್ತಲ ನಾ ಕೆಡಿಸೇನಿ.”

ನಾನು ಮುಂದಿನ ಎಲೆಗೆ ಹೋದೆ.

ತಾಯಿ ಊರಿಗೆ ಹೊರಡುವಾಗ ನಾನು ಬೀಜದ ಮಾತೆತ್ತಿದೆ. ಅವಳು ಹಕ್ಕರಿಕೆಯ ಬೀಜ ಕಳಿಸಿಕೊಟ್ಟಳು. ಆ ಎಲೆ ಸ್ವಲ್ಪ ಅಗಲ, ಒಗರು ಕಡಿಮೆ. ಉಂಡವರು ಚೆನ್ನಾಗಿದೆ ಎನ್ನುತ್ತಾರೆ. ಚೆನ್ನಾಗಿಯೇ ಇದೆ. ನಮ್ಮ ಮನೆಯ ಹಕ್ಕರಿಕೆ ಹಲ್ಲಿಗೆ ಸಿಕ್ಕರೆ ಸ್ವಲ್ಪ ಖಾರ ಹತ್ತುತ್ತಿತ್ತು. ಅದು ಇನ್ನು ಎಲ್ಲಿಯೂ ಸಿಗುವುದಿಲ್ಲ. ಅತ್ತೆ ಅದನ್ನು ತಮ್ಮ ತವರಿನಿಂದ ತಂದಿದ್ದರಂತೆ. ಅಲ್ಲಿ ಈಗ ಹಿತ್ತಲೇ ಇಲ್ಲ.

ಹಿಂಗಾರಿ ಮಳೆ ಬಿದ್ದ ಮೇಲೆ ಒಂದು ದಿನ ನಾನು ಒಲೆಯ ಮುಂದೆ ಕೂತಿದ್ದೆ. ಮಾವ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಅವರು ಅಲ್ಲಿಗೆ ಬರುವವರಲ್ಲ. ನಾನು ಸೆರಗು ಎಳೆದುಕೊಂಡು ಎದ್ದೆ, ಇವರನ್ನು ಕರೆಯಬೇಕೇನೋ ಎಂದುಕೊಂಡೆ. ಅವರು ಮಗನನ್ನು ಕೇಳಲಿಲ್ಲ.

“ಯವ್ವಾ, ಹಿತ್ತಲಕ್ಕ ಟ್ರ್ಯಾಕ್ಟರ ತರ್ತೇನಿ. ಯಾವಾಗ ತರಲಿ, ನೀ ಹೇಳು.”

ಬೇಡ ಎನ್ನಬೇಕೆಂದು ಮೊದಲು ಅನ್ನಿಸಿತು. ನನ್ನ ಕೈಯಲ್ಲಿ ಬಲವಿದೆ, ಗುದ್ದಲಿ ಇದೆ. ಆದರೆ ಬೇಡ ಎಂದರೆ ಅವರು ಇನ್ನು ಯಾರನ್ನು ಕೇಳಬೇಕು?

“ನಾಡಿದ್ದ ತರ್ರಿ ಮಾವಾರ. ಇನ್ನೂ ಹಸಿ ಐತ್ರಿ.”

“ಎಷ್ಟ ಸಲ ಹೊಡೀಲಿ?”

“ಒಂದಽ ಸಲ ಹೋಗಿ ಬಂದ್ರ ಸಾಕ್ರಿ. ತಿರುಗ್ಸುವಾಗ ಕಾಲುವಿ ಬಾಜೂ ಬರಬ್ಯಾಡ್ರಿ, ಅಲ್ಲಿ ನಾ ಕೈಲೆ ಮಾಡ್ಕೋತೇನಿ.”

ಮಾವ ಒಂದೊಂದು ಮಾತಿಗೂ ತಲೆ ಆಡಿಸಿದರು. ಬಾಡಿಗೆಗೆ ಕರೆದವರ ಮುಂದೆ ನಿಂತು ಯಾವ ಹೊಲ, ಎಷ್ಟು ಆಳ ಎಂದು ಕೇಳಿಕೊಳ್ಳುವಾಗ ಹಾಗೆ ತಲೆ ಆಡಿಸುತ್ತಿದ್ದರು. ನಾನು ಹೇಳಿದೆ, ಅವರು ಕೇಳಿಸಿಕೊಂಡರು. ಅಷ್ಟು ಸುಲಭವಾಗಿತ್ತು. ಅತ್ತೆ ನಿಂತು ಹೀಗೆ ಹೇಳಬಹುದಾಗಿದ್ದ ವರ್ಷಗಳು ಎಷ್ಟೋ ಇದ್ದವು. ಅವರಿಗೆ ನನಗಿಂತ ಚೆನ್ನಾಗಿ ಹೇಳಲು ಬರುತ್ತಿತ್ತು. ಮಾವನ ಮುಖ ನೋಡಿದೆ. ಅವರೂ ಅದನ್ನೇ ಲೆಕ್ಕ ಹಾಕುತ್ತಿದ್ದಾರೆ ಎಂದು ತಿಳಿಯಿತು.

ಒಲೆಯ ಮೇಲಿನ ರೊಟ್ಟಿ ಸೀಯುತ್ತಿತ್ತು. ನಾನು ಕೂತು ಅದನ್ನು ತಿರುವಿಹಾಕಿದೆ. ಮಾವ ಕಲ್ಟಿವೇಟರಿನ ಹಲ್ಲಿಗೆ ಅಂಟಿದ್ದ ಮಿರಗದ ಮಣ್ಣನ್ನು ಕೆರೆಯಲು ಹೊರಗೆ ಹೋದರು.